ಯಾವುದೂ ಕೆಟ್ಟಿಲ್ಲವಂತೆ, ಆದರೂ ಟೀವಿ ಕಪ್ಪು

ಟೀವಿ ರಿಪೇರಿಯವರು ಬಂದು ನೋಡಿ, "ಟೀವಿ ಚೆನ್ನಾಗಿದೆ ಸಾರ್" ಅಂದು ಕಾಫಿ ಕುಡಿದು ಹೋದರು. ಸೆಟ್‌ಟಾಪ್ ಬಾಕ್ಸಿನ ಹುಡುಗ ಬಂದವನೇ ಬಾಕ್ಸನ್ನ ಒಳಕೋಣೆಯ ಹಳೇ ಟೀವಿಗೆ ಸಿಕ್ಕಿಸಿ, "ನೋಡಿ, ಬರ್ತಿದೆಯಲ್ಲ" ಅಂದ. ಆಂಪ್ಲಿಫೈಯರ್ ಕಂಪನಿಗೆ ಫೋನ್ ಮಾಡಿದರೆ ಆ ಕಡೆಯ ಹೆಣ್ಣುಮಗಳು ತುಂಬ ವಿನಯದಿಂದ, ಡಿಸ್‌ಪ್ಲೇಯಲ್ಲಿ ದೀಪ ಹತ್ತಿದ್ರೆ ನಮ್ಮ ಯೂನಿಟ್ ಸರಿಯಿದೆ ಅಂತಲೇ ಅರ್ಥ ಅಂದಳಂತೆ. ಈ ಮೂವರಲ್ಲಿ ಒಬ್ಬರೂ ಸುಳ್ಳು ಹೇಳಿಲ್ಲ. ಟೀವಿ ಸರಿ, ಬಾಕ್ಸ್ ಸರಿ, ಆಂಪ್ಲಿಫೈಯರೂ ಸರಿ. ಮೂರನ್ನೂ ಎಚ್‌ಡಿಎಂಐ ವೈರಿನಲ್ಲಿ ಒಂದಕ್ಕೊಂದು ಸೇರಿಸಿದ ತಕ್ಷಣ ಮಾತ್ರ ಪರದೆ ಕಪ್ಪು. ಹೋಮ್ ಥಿಯೇಟರ್ ಅನ್ನೋ ಬ್ರಹ್ಮಾಂಡದಲ್ಲಿ ರೋಗ ಇರೋದು ಯಾವ ಪೆಟ್ಟಿಗೆಯಲ್ಲೂ ಅಲ್ಲ, ಪೆಟ್ಟಿಗೆ ಪೆಟ್ಟಿಗೆಗಳ ನಡುವೆ. ಆ ನಡುವಿನ ಜಾಗಕ್ಕೆ ವಾರಂಟಿ ಕೊಡೋ ಕಂಪನಿ ಇನ್ನೂ ಹುಟ್ಟಿಲ್ಲ. ಹಾಗಾಗಿ ಕೊನೆಗೆ ಪಕ್ಕದ ಮನೆಯವರನ್ನ ಕರೀತಾರೆ. ನಿಮ್ಮನ್ನೂ ಕರೆದಿರ್ತಾರೆ, ಅಲ್ವಾ?

ಮೊದಲು ಹೀಗಿರಲಿಲ್ಲ ನೋಡಿ. ವಿಸಿಪಿ ಬಾಡಿಗೆಗೆ ತರ್ತಿದ್ದ ಕಾಲ ಜ್ಞಾಪಕ ಮಾಡಿಕೊಳ್ಳಿ. ಗಣಪತಿ ಹಬ್ಬಕ್ಕೋ, ಯಾರದೋ ಮಗಳ ಮೈನೆರೆದ ಶಾಸ್ತ್ರಕ್ಕೋ, ರಾತ್ರಿಯಿಡೀ ಮೂರು ಸಿನಿಮಾ. ವಿಸಿಪಿ ಜೊತೆಗೆ ಒಬ್ಬ ಹುಡುಗನೂ ಬರ್ತಿದ್ದ. ಸೈಕಲ್ ಕ್ಯಾರಿಯರಿಗೆ ಟೀವಿ ಕಟ್ಟಿಕೊಂಡು ತಳ್ಳಿಕೊಂಡೇ ಬರೋನು. ವೈರು ಅವನದೇ, ಟೇಪೂ ಅವನದೇ. ಚಿತ್ರ ಮಂಜು ಮಂಜಾದರೆ ಮುಚ್ಚಳ ತೆಗೆದು, ನಮ್ಮಪ್ಪನ ಹತ್ರ ಒಂದು ಹೊಸ ಗರಿಗರಿ ನೋಟು ಇಸಕೊಂಡು, ಅದರಿಂದ ಹೆಡ್ ಒರೆಸಿ, ನೋಟನ್ನ ವಾಪಸು ಕೊಡೋನು. ಹೊಸ ನೋಟೇ ಯಾಕೆ ಬೇಕು ಅಂತ ಕೇಳಿದರೆ "ಹಳೇದ್ರಲ್ಲಿ ಎಣ್ಣೆ ಇರತ್ತೆ ಸಾರ್" ಅಂತಿದ್ದ. ಎರಡನೇ ಸಿನಿಮಾ ಶುರುವಾಗೋ ಹೊತ್ತಿಗೆ ಜಗಲಿ ಮೇಲೆ ಮಲಗಿ ಗೊರಕೆ ಹೊಡೀತಿದ್ದ, ಆದರೆ ಟೇಪು ಸಿಕ್ಕಿಕೊಂಡ ಸದ್ದು ಕೇಳಿದರೆ ಸಾಕು, ಎದ್ದು ಬಂದುಬಿಡೋನು. ಟೀವಿ, ವಿಸಿಪಿ, ವೈರು, ಕರೆಂಟು, ಇಷ್ಟಕ್ಕೂ ಒಬ್ಬನೇ ಜವಾಬ್ದಾರ. ಈಗ ಲಕ್ಷಗಟ್ಟಲೆ ಸುರಿದು ಸಾಮಾನು ತರ್ತೀವಿ, ಆ ಹುಡುಗ ಮಾತ್ರ ಬರಲ್ಲ.

ಈಗ ವಿಷಯಕ್ಕೆ ಬರ್ತೀನಿ. ಮೂರನೇ ಮನೆ ಮೇಷ್ಟ್ರ ಅಳಿಯ ಅಮೆರಿಕ ಬಿಟ್ಟು ಊರಿಗೆ ವಾಪಸಾದರಲ್ಲ, ಬರುವಾಗ ಕಂಟೇನರಿನಲ್ಲಿ ಇಡೀ ಮನೆ ತಂದರು. ಸೋಫಾ ತಂದರು, ಮಕ್ಕಳ ಸೈಕಲ್ ತಂದರು, ಹಿಮ ತಳ್ಳೋ ಸಲಿಕೆಯನ್ನೂ ತಂದರು. ಮೈಸೂರಿನಲ್ಲಿ ಅದನ್ನೇನು ಮಾಡೋದು ಅಂತ ಯಾರೂ ಕೇಳಲಿಲ್ಲ, ಈಗ ಅದರಲ್ಲಿ ತೆಂಗಿನ ಗರಿ ಗುಡ್ಡೆ ಹಾಕ್ತಾರೆ, ಚೆನ್ನಾಗೇ ಕೆಲಸ ಮಾಡತ್ತೆ. ಅದರ ಜೊತೆಗೆ ಬಂದದ್ದು ಹೋಮ್ ಥಿಯೇಟರ್. ದೊಡ್ಡ ಟೀವಿ, ಹೊರಲಾರದಷ್ಟು ಭಾರದ ಎವಿ ರಿಸೀವರ್, ಆರು ಸ್ಪೀಕರ್. ಅಳಿಯ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಅಪಾರ್ಟ್‌ಮೆಂಟ್ ಹಿಡಿದರು. ಅಲ್ಲಿ ಜಾಗ ಸಾಲದೆ ಇದೆಲ್ಲ ಮೇಷ್ಟ್ರ ಹಾಲಿಗೆ ಬಂತು. ಅಲ್ಲಿನ ಕರೆಂಟು 120 ವೋಲ್ಟು, ನಮ್ಮದು 230. ಅದಕ್ಕೊಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದು ಸೋಫಾ ಹಿಂದೆ ಇಟ್ಟರು. ಅದು ಗುಂಯ್ ಅನ್ನೋ ಸದ್ದಿಗೆ ಮೇಷ್ಟ್ರ ಮನೆಯವರು ಮೊದಮೊದಲು ಜೇನು ಕಟ್ಟಿದೆ ಅಂತ ಕಿಟಕಿ ಹಾಕ್ತಿದ್ರಂತೆ.

ಕರೆಂಟಿನ ವ್ಯವಹಾರ ಮುಗೀತು ಅಂದುಕೊಂಡರು. ಅಲ್ಲೇ ಶುರು. ಮೊಮ್ಮಗ ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿದರೆ ಚಿತ್ರ ಝಗಝಗ ಬರತ್ತೆ. ಮೇಷ್ಟ್ರು ಸೆಟ್‌ಟಾಪ್ ಬಾಕ್ಸ್ ಹಾಕಿದರೆ "ಈ ಮೋಡ್ ಇಲ್ಲ" ಅಂತ ಇಂಗ್ಲಿಷಿನಲ್ಲಿ ಒಂದು ಸಾಲು, ಆಮೇಲೆ ಕತ್ತಲೆ. ವೈರು ಬದಲಾಯಿಸಿದರು. ಬಾಕ್ಸ್ ಬದಲಾಯಿಸಿಕೊಟ್ಟರು. ಕಾರಣ ನೋಡಿ ಎಷ್ಟು ಹಳೇದು ಅಂತ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ತಿರುಗತ್ತೆ, ಅಮೆರಿಕದ್ದು 60. ಹಿಂದೆ ಟೀವಿ ಚಿತ್ರಾನೂ ಅದೇ ಲೆಕ್ಕಕ್ಕೆ ಕಟ್ಟಿಕೊಂಡಿದ್ದರು. ನಮ್ಮದು ಪಾಲ್ ಪದ್ಧತಿ, 50. ಅವರದು ಎನ್‌ಟಿಎಸ್‌ಸಿ, 60. ಆಂಟೆನಾ ಹೋಯ್ತು, ದಪ್ಪ ಪಿಕ್ಚರ್ ಟ್ಯೂಬ್ ಹೋಯ್ತು, ಎಲ್ಲ ಡಿಜಿಟಲ್ ಆಯ್ತು. ಆದರೂ ನಮ್ಮ ಸೆಟ್‌ಟಾಪ್ ಬಾಕ್ಸು ಇವತ್ತಿಗೂ 1080ಐ ಚಿತ್ರವನ್ನ 50ರ ಲೆಕ್ಕದಲ್ಲೇ ಕಳಿಸತ್ತೆ. ಅಮೆರಿಕದ ಮಾರುಕಟ್ಟೆಗೆ ಅಂತಲೇ ಮಾಡಿದ ಎಷ್ಟೋ ಟೀವಿಗಳಿಗೆ 50 ಅನ್ನೋ ಸಂಖ್ಯೆಯೇ ಗೊತ್ತಿಲ್ಲ. ಸ್ಟಿಕ್ಕು ತಾನಾಗಿ 60ರಲ್ಲಿ ಕಳಿಸತ್ತೆ, ಅದಕ್ಕೇ ಅದು ಪಾಸು. ಹಳೇ ಕರೆಂಟಿನ ಋಣ ಇನ್ನೂ ಹರಿದಿಲ್ಲ ನೋಡಿ.

ಇದಕ್ಕೆ ಪರಿಹಾರ ಇಲ್ಲ ಅಂತೇನಲ್ಲ. ಕೆಲವು ಬಾಕ್ಸ್‌ಗಳ ಸೆಟ್ಟಿಂಗಿನಲ್ಲಿ 60 ಆರಿಸಿಕೊಳ್ಳೋ ಅವಕಾಶ ಇರತ್ತೆ. ಇಲ್ಲದಿದ್ದರೆ 50ನ್ನ 60 ಮಾಡೋ ಸ್ಕೇಲರ್ ಅಂತ ಇನ್ನೊಂದು ಪೆಟ್ಟಿಗೆ ನಡುವೆ ಕೂರಿಸಬೇಕು. ಆಗ ಕ್ರಿಕೆಟ್ ಚೆಂಡು ಕುಂಟುತ್ತಾ ಬೌಂಡರಿಗೆ ಹೋಗತ್ತೆ, 50 ಚಿತ್ರವನ್ನ 60ಕ್ಕೆ ಹಂಚೋವಾಗ ಕೆಲವನ್ನ ಎರಡೆರಡು ಸಲ ತೋರಿಸಲೇಬೇಕಲ್ಲ. ಇಲ್ಲಾಂದ್ರೆ ಚಾನೆಲ್‌ಗಳನ್ನ ಆ್ಯಪಿನಲ್ಲಿ ನೋಡಬೇಕು. ಮೇಷ್ಟ್ರು ಇದ್ಯಾವುದಕ್ಕೂ ಒಪ್ಪದೆ ಇಲ್ಲೇ ಒಂದು ಹೊಸ 4ಕೆ ಟೀವಿ ತಂದರು. ಅಮೆರಿಕದ ಟೀವಿ ಮಹಡಿ ಮೇಲೆ ಮೊಮ್ಮಗನ ಪಾಲಾಯ್ತು. ನನ್ನ ಕೇಳಿದರೆ ಅದೇ ಜಾಣತನ. ನಡುವೆ ಪೆಟ್ಟಿಗೆ ಹೆಚ್ಚಿದಷ್ಟೂ ತಂಟೆ ಹೆಚ್ಚು.

ಆದರೆ ರಿಸೀವರ್ ಉಳೀತಲ್ಲ, ನಡುವಿನ ಪೆಟ್ಟಿಗೆಗಳಲ್ಲಿ ಅದೇ ದೊಡ್ಡಣ್ಣ. ಎಚ್‌ಡಿಎಂಐ ವೈರು ಚುಚ್ಚಿದ ಕೂಡಲೇ ಚಿತ್ರ ಹರಿಯಲ್ಲ, ಮೊದಲು ಮಾತುಕತೆ ನಡೆಯತ್ತೆ. ಟೀವಿ ತನ್ನ ಹತ್ತಿರ ಇಡಿಐಡಿ ಅಂತ ಒಂದು ಪಟ್ಟಿ ಇಟ್ಟುಕೊಂಡಿರತ್ತೆ. ನಾನು ಯಾರು, ಯಾವ ಯಾವ ಅಳತೆಯ ಚಿತ್ರ ತೋರಿಸಬಲ್ಲೆ, ಯಾವ ಥರದ ಶಬ್ದ ನುಡಿಸಬಲ್ಲೆ ಅಂತ. ಮೊದಲ ಪುಟ 128 ಬೈಟ್ ಅಷ್ಟೇ, ಒಂದು ಎಸ್ಸೆಮ್ಮೆಸ್ಸಿಗಿಂತ ಚಿಕ್ಕದು. ಹೆಚ್ಚಿಗೆ ಹೇಳೋದಿದ್ದರೆ ಅಷ್ಟೇ ಅಳತೆಯ ಇನ್ನೊಂದು ಪುಟ ಲಗತ್ತಿಸತ್ತೆ. ಕಳಿಸೋ ಕಡೆಯ ಪೆಟ್ಟಿಗೆ ಅದನ್ನ ಓದಿಕೊಂಡು, ಸರಿ, ಇದಕ್ಕೆ ಇಂಥದ್ದು ಕಳಿಸೋಣ ಅಂತ ತೀರ್ಮಾನ ಮಾಡತ್ತೆ. ನಡುವೆ ರಿಸೀವರ್ ಇದ್ದರೆ ಅದು ಮದುವೆ ದಲ್ಲಾಳಿಯ ಕೆಲಸ ಮಾಡತ್ತೆ. ಟೀವಿ ಕೊಟ್ಟ ಬಯೋಡೇಟಾವನ್ನ ಹಾಗೇ ದಾಟಿಸಲ್ಲ. ಟೀವಿಗೆ ಎರಡೇ ಸ್ಪೀಕರ್, ನನಗೆ ಆರು ಅಂತ ಶಬ್ದದ ಕಾಲಂ ತಿದ್ದಿ ಏರಿಸತ್ತೆ. ತನ್ನ ಕೈಲಿ ದಾಟಿಸೋಕಾಗದ ಚಿತ್ರದ ಸಾಲುಗಳನ್ನ ಸದ್ದಿಲ್ಲದೆ ಹೊಡೆದುಹಾಕತ್ತೆ. ಮೇಷ್ಟ್ರ ರಿಸೀವರ್ ಎಚ್‌ಡಿಎಂಐ 1.4 ಕಾಲದ್ದು, 4ಕೆಯನ್ನ 60ರ ವೇಗದಲ್ಲಿ ದಾಟಿಸೋ ಯೋಗ್ಯತೆ ಅದಕ್ಕಿಲ್ಲ. ಆ ವೇಗಕ್ಕೆ 18 ಗಿಗಾಬಿಟ್ ಬೇಕು, ಅದು ಬಂದದ್ದು 2013ರ 2.0ರಲ್ಲಿ. ಹೊಸ ಟೀವಿ ಪಾಪ ತನ್ನ ಪಟ್ಟಿಯಲ್ಲಿ ಎಲ್ಲ ಬರೆದುಕೊಂಡಿದೆ, ದಲ್ಲಾಳಿ ಹೇಳಿದರೆ ತಾನೇ ಆ ಕಡೆಯವರಿಗೆ ಗೊತ್ತಾಗೋದು?

ಇನ್ನೊಂದು ಚೋದ್ಯ. ಟೀವಿಗಳೂ ಕೆಲವು ಸಲ ತಮ್ಮನ್ನ ತಾವೇ ಕಡಿಮೆ ಹೇಳಿಕೊಳ್ಳುತ್ತವೆ. ಹಳೇ ಪೆಟ್ಟಿಗೆಗಳು ಗಾಬರಿ ಬೀಳಬಾರದು ಅಂತ ಅಂಗಡಿಯಿಂದ ಬರುವಾಗ ಎಚ್‌ಡಿಎಂಐ ಪೋರ್ಟನ್ನ ತಗ್ಗಿಸಿ ಇಟ್ಟಿರ್ತಾರೆ. ಸೋನಿಯಲ್ಲಿ "ಎನ್‌ಹ್ಯಾನ್ಸ್‌ಡ್" ಅಂತ, ಎಲ್‌ಜಿಯಲ್ಲಿ "ಡೀಪ್ ಕಲರ್" ಅಂತ, ಸ್ಯಾಮ್‌ಸಂಗಿನಲ್ಲಿ "ಇನ್‌ಪುಟ್ ಸಿಗ್ನಲ್ ಪ್ಲಸ್" ಅಂತ ಒಂದು ಗುಂಡಿ ಮೆನುವಿನ ಮೂಲೆಯಲ್ಲೆಲ್ಲೋ ಇರತ್ತೆ. ಅದನ್ನ ಪ್ರತಿಯೊಂದು ಪೋರ್ಟಿಗೂ ಬೇರೆ ಬೇರೆಯಾಗಿ ಹಾಕಬೇಕು. 4ಕೆ ಟೀವಿ ತಂದು, ಈ ಗುಂಡಿ ಒತ್ತದೆ ವರ್ಷಗಟ್ಟಲೆ ಪೆಚ್ಚು ಬಣ್ಣ ನೋಡಿಕೊಂಡಿರೋ ಮನೆಗಳು ನಮ್ಮ ಬೀದಿಯಲ್ಲೇ ಇದಾವೆ. ಹೇಳೋಕೆ ಹೋದರೆ "ಚೆನ್ನಾಗೇ ಇದೆಯಲ್ರೀ" ಅಂತಾರೆ. ಸುಮ್ಮನಿದ್ದೀನಿ.

ಇಷ್ಟರ ಮೇಲೆ ಎಚ್‌ಡಿಸಿಪಿ ಅನ್ನೋ ಕಾವಲು. ಇದು ಇಂಟೆಲ್ ಕಂಪನಿಯ ಸೃಷ್ಟಿ. ಸಿನಿಮಾ ಕಳಿಸೋ ಮುಂಚೆ ಪ್ರತಿ ಪೆಟ್ಟಿಗೆಯನ್ನೂ ನಿನ್ನ ಹತ್ರ ಪರವಾನಗಿ ಇದೆಯಾ ಅಂತ ಗುಟ್ಟಿನ ಕೀಲಿ ತೋರಿಸಲು ಹೇಳತ್ತೆ. ಒಬ್ಬರ ಹತ್ರ ಇಲ್ಲದಿದ್ದರೂ ಎಲ್ಲರಿಗೂ ಕತ್ತಲೆ. 4ಕೆ ಸಿನಿಮಾಗೆ ಇದರ 2.2ನೇ ಆವೃತ್ತಿ ಬೇಕು, ಮೇಷ್ಟ್ರ ರಿಸೀವರಿನಲ್ಲಿ ಅದಿಲ್ಲ. ಇಂಥ ಕಡೆ ಕೆಲವು ಪೆಟ್ಟಿಗೆಗಳು ಮರ್ಯಾದೆಯಾಗಿ 1080ಕ್ಕೆ ಇಳಿದು ತೋರಿಸುತ್ತವೆ. ಇನ್ನು ಕೆಲವದರಲ್ಲಿ ಮೆನು ಕಾಣತ್ತೆ, ಪೋಸ್ಟರ್ ಕಾಣತ್ತೆ, ಸಿನಿಮಾ ಒತ್ತಿದರೆ ಮಾತ್ರ ಕಪ್ಪು. ಮೆನುಗೆ ಕಾವಲಿಲ್ಲ, ಸಿನಿಮಾಗೆ ಉಂಟು. ಹೀಗೆ ಮೆನು ಬಂದು ಸಿನಿಮಾ ಬಾರದಿದ್ದರೆ ಮೊದಲೇ ವೈರನ್ನ ಬಯ್ಯಬೇಡಿ, ಹೆಚ್ಚಿನ ಸಲ ಅದು ಕಾವಲಿನ ತಕರಾರೇ ಆಗಿರತ್ತೆ.

ಈ ಕಾವಲಿನ ಕಥೆಯಲ್ಲಿ ನನಗೆ ನಗು ಬರೋದು ಎಲ್ಲಿ ಗೊತ್ತಾ? 2010ರಲ್ಲಿ ಮೊದಲ ಆವೃತ್ತಿಯ ಮೂಲಕೀಲಿಯೇ ಸೋರಿಹೋಯ್ತು. ಇಂಟೆಲ್ಲೇ ಹೌದು ಅಂತ ಒಪ್ಪಿಕೊಳ್ತು. ಕದ್ದು ನೋಡೋರಿಗೆ ಕಾವಲು ಅಡ್ಡಿ ಬಂದದ್ದನ್ನ ನಾನು ಕಾಣೆ, ಅವರು ಯಾವತ್ತೂ ಈ ಬಾಗಿಲಿಗೆ ಬಂದವರೇ ಅಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟಿ, ರಸೀದಿ ಇಟ್ಟುಕೊಂಡು, ಕಾಲು ಚಾಚಿ ಸಿನಿಮಾ ನೋಡೋಣ ಅಂತ ಕೂತ ಮೇಷ್ಟ್ರಂಥವರಿಗೇ ಕಳ್ಳನ ಮುಖ ನೋಡಿದ ಹಾಗೆ ನೋಡತ್ತೆ ಇದು. ನಿವೃತ್ತ ಗಣಿತದ ಮೇಷ್ಟ್ರು, ಬಸ್ಸಿನಲ್ಲಿ ಕಂಡಕ್ಟರು ಮರೆತರೂ ಕರೆದು ಟಿಕೆಟ್ ತಗೊಳ್ಳೋರು. ಅವರಿಗೆ ಪರವಾನಗಿ ಇಲ್ಲವಂತೆ!

ಸರಿ, ಹಳೇ ರಿಸೀವರ್ ಬಿಸಾಕಬೇಕಾ? ಬೇಡ. ಇಲ್ಲೊಂದು ಒಳದಾರಿ ಇದೆ. ಸ್ಟಿಕ್ಕು, ಬಾಕ್ಸು ಎರಡನ್ನೂ ನೇರ ಟೀವಿಗೇ ಚುಚ್ಚಿ. ಚಿತ್ರದ ವ್ಯವಹಾರ ಅಲ್ಲಿಗೇ ಮುಗೀಲಿ. ಟೀವಿಯಿಂದ ರಿಸೀವರಿಗೆ ಒಂದೇ ಒಂದು ವೈರು, ಅದರಲ್ಲಿ ಶಬ್ದ ಮಾತ್ರ ಹಿಂದಕ್ಕೆ ಬರತ್ತೆ. ಎಆರ್‌ಸಿ ಅಂತಾರೆ, 2009ರ 1.4ರಿಂದಲೇ ಇದೆ. ರಿಸೀವರಿನ ಕಿವಿಗೆ ಮಾತ್ರ ಕೆಲಸ, ಕಣ್ಣಿಗಿಲ್ಲ, ಹಾಗಾಗಿ ಅದರ ವಯಸ್ಸು ಅಡ್ಡ ಬರಲ್ಲ. ಬ್ಲೂರೇ ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿ ಅನ್ನೋ ದಪ್ಪ ಶಬ್ದ ಈ ದಾರಿಯಲ್ಲಿ ಹಿಡಿಸಲ್ಲ ನಿಜ, ಅದಕ್ಕೆ ಇ-ಎಆರ್‌ಸಿ ಬೇಕು, 2017ರ 2.1ರ ಜೊತೆ ಬಂದದ್ದು. ಆದರೆ ಓಟಿಟಿಯವರು ಕಳಿಸೋ ಡಾಲ್ಬಿ ಸಣ್ಣಗೆ ಹಿಂಡಿದ್ದು, ಮಾಮೂಲಿ ಎಆರ್‌ಸಿಯಲ್ಲೂ ನುಸುಳತ್ತೆ. ಮೇಷ್ಟ್ರ ಮನೆಯಲ್ಲಿ ಬ್ಲೂರೇ ಇಲ್ಲವೇ ಇಲ್ಲ. ಅಳಿಯ ತಂದ ಡಿಸ್ಕುಗಳೆಲ್ಲ ಅಮೆರಿಕದ ಎ ರೀಜನ್ನು, ಇಲ್ಲಿನ ಪ್ಲೇಯರಿಗೆ ಸಿ ಬೇಕು. ಅವನ್ನ ದಾರಕ್ಕೆ ಪೋಣಿಸಿ ಹಿತ್ತಲ ಟೊಮೇಟೊ ಗಿಡಕ್ಕೆ ಗುಬ್ಬಿ ಬರದ ಹಾಗೆ ಕಟ್ಟಿದಾರೆ ಮೇಷ್ಟ್ರ ಮನೆಯವರು. ಬಿಸಿಲಿಗೆ ಮಿಂಚತ್ತೆ, ಇಲ್ಲಿಂದಲೇ ಕಾಣತ್ತೆ ನೋಡಿ.

ಒಳದಾರಿಗೂ ಎರಡು ಮೂರು ಬಾಗಿಲಿದೆ. ಟೀವಿ ಹಿಂದೆ ಮೂರೋ ನಾಲ್ಕೋ ಪೋರ್ಟ್ ಇದ್ದರೂ ಎಆರ್‌ಸಿ ಇರೋದು ಸಾಮಾನ್ಯವಾಗಿ ಒಂದರಲ್ಲೇ, ಪಕ್ಕದಲ್ಲಿ ಇರುವೆ ಅಕ್ಷರದಲ್ಲಿ ಬರೆದಿರತ್ತೆ. ಟೀವಿ ಮೆನುವಿನಲ್ಲಿ ಶಬ್ದ ಸ್ಪೀಕರಿಗಲ್ಲ, ಎಚ್‌ಡಿಎಂಐಗೆ ಅಂತ ಹೇಳಬೇಕು. ಪಿಸಿಎಂ ಅಂತ ಇದ್ದರೆ ಎರಡೇ ಸ್ಪೀಕರಿಗೆ ಶಬ್ದ ಬರತ್ತೆ, ಹಿಂದಿನವು ಸುಮ್ಮನೆ ಗೋಡೆಗೆ ನೇತಾಡ್ತಿರ್ತವೆ. ಅದನ್ನ ಆಟೋ ಅಂತಲೋ ಪಾಸ್‌ಥ್ರೂ ಅಂತಲೋ ಬದಲಾಯಿಸಬೇಕು. ಇದೆಲ್ಲ ಮಾಡಿ ಮುಗಿಸಿದ ಮೇಲೆ ಮೇಷ್ಟ್ರ ಮನೆ ಆರೂ ಸ್ಪೀಕರ್ ಒಟ್ಟಿಗೆ ನುಡಿದವು. ಸೀರಿಯಲ್ಲಿನಲ್ಲಿ ಅತ್ತೆ ತಿರುಗಿ ನೋಡಿದಾಗ ಬರೋ ಢಣ್ ಢಣ್ ಸದ್ದಿಗೆ ಅಡುಗೆಮನೆಯ ಲೋಟ ಅಲ್ಲಾಡ್ತು.

ಆಯುಧಪೂಜೆ ತನಕ ಸುಖವಾಗಿತ್ತು. ಹಬ್ಬದ ಹಿಂದಿನ ದಿನ ವೈರೆಲ್ಲ ಬಿಚ್ಚಿ, ಧೂಳು ಒರೆಸಿ, ಮತ್ತೆ ಸಿಕ್ಕಿಸಿ, ಕಾರು, ಮಿಕ್ಸಿಯ ಜೊತೆಗೆ ರಿಸೀವರಿಗೂ ಕುಂಕುಮ ಇಟ್ಟು, ತಲೆ ಮೇಲೆ ಒಂದು ಮೊಳ ಚೆಂಡುಹೂ ಹಾಕಿದರು. ಸಾಯಂಕಾಲ ದಸರಾ ಕಾರ್ಯಕ್ರಮ ಹಾಕಿದರೆ ಚಿತ್ರ ಇದೆ, ಶಬ್ದ ಇಲ್ಲ. ಮೇಷ್ಟ್ರು ಇದು ಎಚ್‌ಡಿಸಿಪಿಯೇ ಇರಬೇಕು ಅಂದರು, ಹೊಸದಾಗಿ ಕಲಿತ ಪದ ನೋಡಿ. ನೋಡಿದರೆ ಎಆರ್‌ಸಿ ಪೋರ್ಟಿನ ವೈರು ಪಕ್ಕದ ತೂತಿಗೆ ಹೋಗಿದೆ, ಅಷ್ಟೇ. ಸರಿ ಮಾಡಿಕೊಟ್ಟೆವು, ಒಂದು ಗಂಟೆ ನಡೀತು, ರಿಸೀವರ್ ಟಪ್ ಅಂತ ತಾನೇ ಆರಿಹೋಯ್ತು. ಈ ಸಲ ಹೂವಿನ ಕೆಲಸ. ಆ ಪೆಟ್ಟಿಗೆಗಳು ಕಾಯ್ತವೆ, ತಲೆ ಮೇಲಿನ ಜಾಲರಿಯಿಂದ ಬಿಸಿಗಾಳಿ ಹೋಗಬೇಕು. ಮುಚ್ಚಿದರೆ ರಕ್ಷಣೆಗೆ ಅಂತ ತಾವೇ ಆರ್ತವೆ. ಹೂವನ್ನ ಸ್ಪೀಕರಿಗೆ ವರ್ಗಾಯಿಸಲಾಯ್ತು.

ಸಿಇಸಿ ಅಂತ ಇನ್ನೊಂದಿದೆ, ಅದರ ಕಥೆ ಹೇಳದಿದ್ದರೆ ಹರಟೆ ಪೂರ್ತಿಯಾಗಲ್ಲ. ಒಂದೇ ರಿಮೋಟಿನಲ್ಲಿ ಎಲ್ಲ ಪೆಟ್ಟಿಗೆಯೂ ಮಾತು ಕೇಳಲಿ ಅಂತ ವೈರಿನೊಳಗಿನ 19 ಪಿನ್ನುಗಳಲ್ಲಿ ಒಂದನ್ನ ಇದಕ್ಕೇ ಬಿಟ್ಟಿದಾರೆ. ಸ್ಯಾಮ್‌ಸಂಗಿನವರು ಎನಿನೆಟ್ ಪ್ಲಸ್ ಅಂತಾರೆ, ಎಲ್‌ಜಿಯವರು ಸಿಂಪ್‌ಲಿಂಕ್, ಸೋನಿಯವರು ಬ್ರಾವಿಯಾ ಸಿಂಕ್, ಪ್ಯಾನಾಸೋನಿಕ್‌ನವರು ವಿಯೆರಾ ಲಿಂಕ್, ಫಿಲಿಪ್ಸಿನವರು ಈಸಿಲಿಂಕ್. ಒಂದೇ ದೇವರಿಗೆ ಊರೂರಲ್ಲಿ ಹೆಸರು. ಎಷ್ಟೋ ಟೀವಿಗಳಲ್ಲಿ ಇದು ಆನ್ ಇಲ್ಲದಿದ್ದರೆ ಎಆರ್‌ಸಿ ಬರಲ್ಲ, ಆನ್ ಇದ್ದರೆ ಮನೆಯಲ್ಲಿ ಜಗಳ. ಬೆಳಿಗ್ಗೆ ರಿಸೀವರಿನಲ್ಲಿ ಮೇಷ್ಟ್ರು ವಿಷ್ಣು ಸಹಸ್ರನಾಮ ಹಾಕಿರ್ತಾರೆ, ಟೀವಿ ಸುಮ್ಮನೆ ಉರೀತಿದೆ ಅಂತ ಅವರ ಮನೆಯವರು ಬಂದು ಟೀವಿ ಆರಿಸ್ತಾರೆ, ನಡು ಶ್ಲೋಕದಲ್ಲಿ ರಿಸೀವರೂ ಆರತ್ತೆ. ರಾತ್ರಿ ಎಲ್ಲ ಮಲಗಿದ ಮೇಲೆ ಸ್ಟಿಕ್ಕು ಅದೇನೋ ಅಪ್‌ಡೇಟ್ ಅಂತ ಎದ್ದು, ಟೀವಿಯನ್ನ ಎಬ್ಬಿಸಿ, ಟೀವಿ ರಿಸೀವರನ್ನ ಎಬ್ಬಿಸಿ, ಕತ್ತಲೆ ಹಾಲಿನಲ್ಲಿ ಜಾಹೀರಾತು ಮೊಳಗತ್ತೆ. ಕಳ್ಳರು ಬಂದಿದ್ದರೂ ಓಡಿಹೋಗ್ತಿದ್ದರು. ಇದಕ್ಕೆ ಮದ್ದು ಸಿಇಸಿಯನ್ನೇ ಕಿತ್ತು ಹಾಕೋದಲ್ಲ. ಸ್ಟಿಕ್ಕಿನಲ್ಲಿ ಅದನ್ನ ಆಫ್ ಮಾಡಿ, ಟೀವಿ-ರಿಸೀವರ್ ನಡುವೆ ಬಿಟ್ಟುಕೊಳ್ಳಿ. "ಪವರ್ ಆಫ್ ಲಿಂಕ್" ಅಂತ ಬೇರೆ ಗುಂಡಿ ಕೊಟ್ಟಿದ್ದರೆ ಅದನ್ನೊಂದೇ ಕೆಳಗಿಳಿಸಿ.

ತುಟಿ ಒಂದು ಕಡೆ, ಮಾತು ಒಂದು ಕಡೆ ಆಗೋ ತಾಪತ್ರಯವೂ ಬಂತು. ಟೀವಿ ಚಿತ್ರವನ್ನ ತಿದ್ದಿ ತೀಡಿ ತೋರಿಸೋಕೆ ಸ್ವಲ್ಪ ಹೊತ್ತು ತಗೊಳ್ಳತ್ತೆ, ಶಬ್ದ ಅಷ್ಟರಲ್ಲಿ ಓಡಿರತ್ತೆ. ಟೀವಿಯಲ್ಲಿ "ಗೇಮ್ ಮೋಡ್" ಹಾಕಿದರೆ ತಿದ್ದುಪಡಿ ಕಡಿಮೆಯಾಗಿ ಚಿತ್ರ ಬೇಗ ಬರತ್ತೆ, ರಿಸೀವರಿನಲ್ಲಿ ಮಿಲಿಸೆಕೆಂಡ್ ಲೆಕ್ಕದಲ್ಲಿ ಶಬ್ದವನ್ನ ತಡೆಹಿಡಿಯಬಹುದು. ಗಣಿತದ ಮೇಷ್ಟ್ರಿಗೆ ಇದು ಹಬ್ಬ. ನೋಟ್‌ಬುಕ್ಕು, ಪೆನ್ನು ಹಿಡಿದು ಕೂತು, ಐದೈದು ಮಿಲಿಸೆಕೆಂಡ್ ಏರಿಸಿ ಇಳಿಸಿ ಒಂದು ಮಧ್ಯಾಹ್ನ ಪೂರ್ತಿ ಒದ್ದಾಡಿದರು, ತುಟಿಗೂ ಮಾತಿಗೂ ಹೊಂದಲೇ ಇಲ್ಲ. ಯಾವ ಸಿನಿಮಾ ಹಾಕಿದ್ದೀರಿ ಮೇಷ್ಟ್ರೇ ಅಂತ ಹೋಗಿ ನೋಡಿದರೆ ತೆಲುಗಿನಿಂದ ಕನ್ನಡಕ್ಕೆ ಡಬ್ ಆದದ್ದು. ಅದನ್ನ ಸರಿಮಾಡೋಕೆ ಬ್ರಹ್ಮನ ಕೈಲೂ ಆಗಲ್ಲ. ವಾರ್ತೆ ಹಾಕಿ, ಓದೋರ ತುಟಿ ನೋಡಿ ಹೊಂದಿಸಿದೆವು. ಅದೂ ದೂರದರ್ಶನ ಚಂದನದ ವಾರ್ತೆ, ಯಾಕಂದ್ರೆ ಬೇರೆ ಚಾನೆಲ್‌ಗಳಲ್ಲಿ ಐದು ಜನ ಒಟ್ಟಿಗೆ ಕೂಗ್ತಿರ್ತಾರೆ, ಯಾರ ತುಟಿ ಅಂತ ನೋಡೋದು?

ವೈರಿನ ವಿಷಯದಲ್ಲಿ ನನಗೆ ಒಂದೇ ಸಿಟ್ಟು. 2002ರ ಡಿಸೆಂಬರಿನಲ್ಲಿ ಸೋನಿ, ಫಿಲಿಪ್ಸ್, ತೋಷಿಬಾ, ಹಿಟಾಚಿ ಅಂತ ಏಳು ದೊಡ್ಡ ಕಂಪನಿಗಳು ಕೂತು ಈ ಎಚ್‌ಡಿಎಂಐ ಹೊರತಂದವಲ್ಲ, ಅಷ್ಟು ಜನ ಇಂಜಿನಿಯರುಗಳಲ್ಲಿ ಒಬ್ಬರಿಗೂ ಪ್ಲಗ್ಗಿಗೆ ಒಂದು ಕೊಂಡಿ ಕಡ್ಡಾಯ ಮಾಡೋಣ ಅನ್ನಿಸಲಿಲ್ಲವಾ? ಹಳೇ ಕಂಪ್ಯೂಟರ್ ಮಾನಿಟರಿನ ವೈರಿಗೆ ಎರಡು ಸ್ಕ್ರೂ ಇರ್ತಿತ್ತು, ಎಳೆದರೆ ಕಂಪ್ಯೂಟರೇ ಬರಬೇಕು. ಇದು ಬರೀ ಬಿಗಿಯ ಮೇಲೆ ನಿಂತಿರತ್ತೆ. ದಪ್ಪ ವೈರಿನ ಭಾರಕ್ಕೇ ಅರ್ಧ ಕೂದಲೆಳೆ ಜಾರಿದರೆ ಸಾಕು, ಬಿಳಿ ಚುಕ್ಕೆ ಮಿಣಮಿಣ, ಆಮೇಲೆ ಬಂದು ಹೋಗಿ ಬಂದು ಹೋಗಿ. ಅಂಗಡಿಯವರು ಚಿನ್ನದ ಲೇಪ ಇದೆ, ಚಿತ್ರ ಚೆನ್ನಾಗಿ ಬರತ್ತೆ ಅಂತ ಸಾವಿರಾರು ರೂಪಾಯಿಯದು ತೋರಿಸ್ತಾರೆ. ಡಿಜಿಟಲ್ ವೈರಿನಲ್ಲಿ ಚೆನ್ನಾಗಿ ಅನ್ನೋದಿಲ್ಲ. ಬಂತು, ಚುಕ್ಕೆ ಬಂತು, ಬರಲಿಲ್ಲ, ಇಷ್ಟೇ. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ತಗೊಂಡರೂ ಸರಿ, "2.1 ಕೇಬಲ್" ಅನ್ನೋ ಮಾತಿಗೆ ಮರುಳಾಗಬೇಡಿ. ಕೇಬಲ್ಲಿಗೆ ಆವೃತ್ತಿ ಸಂಖ್ಯೆ ಇಲ್ಲ, ದರ್ಜೆ ಇದೆ. 18 ಗಿಗಾಬಿಟ್ಟಿಗೆ ಪ್ರೀಮಿಯಂ ಹೈಸ್ಪೀಡ್, 48ಕ್ಕೆ ಅಲ್ಟ್ರಾ ಹೈಸ್ಪೀಡ್. ಫೋನಿನಲ್ಲಿ ಸ್ಕ್ಯಾನ್ ಮಾಡಿ ಅಸಲಿಯೋ ನಕಲಿಯೋ ನೋಡೋ ಚೀಟಿ ಪೊಟ್ಟಣದ ಮೇಲೆ ಇರತ್ತೆ. ತಾಮ್ರದ ವೈರು ಐದು ಮೀಟರ್ ದಾಟಿದರೆ 4ಕೆ ಮೇಲೆ ಭರವಸೆ ಇಡಬೇಡಿ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನಲ್ಲಿ ಬರೀ ಸ್ವಿಚ್ ಆರಿಸಿದರೆ ಸಾಲದು, ಡಿಶ್ಶಿನಿಂದ ಬರೋ ವೈರನ್ನೂ ಬಾಕ್ಸಿನಿಂದ ಬಿಚ್ಚಿ. ಸಿಡಿಲು ಆ ದಾರಿಯಲ್ಲಿ ಬಂದು ಟೀವಿಯ ಎಚ್‌ಡಿಎಂಐ ಪೋರ್ಟನ್ನ ಸುಟ್ಟು ಹೋಗತ್ತೆ.

ಕಪ್ಪು ಪರದೆ ಎದುರಿಗೆ ಬಂದಾಗ ನಾನು ಮಾಡೋದು ಇಷ್ಟು. ಎಲ್ಲದರ ಪ್ಲಗ್ಗೂ ಗೋಡೆಯಿಂದಲೇ ಕೀಳ್ತೀನಿ. ರಿಮೋಟಿನಲ್ಲಿ ಆರಿಸಿದ್ದು ಆರಿಸಿದ್ದಲ್ಲ, ಒಳಗೆ ಹಳೇ ಮಾತುಕತೆಯ ನೆನಪು ಉಳಿದಿರತ್ತೆ. ಒಂದು ಕಾಫಿ ಕುಡಿಯೋಷ್ಟು ಹೊತ್ತು ಬಿಟ್ಟು ಮೊದಲು ಟೀವಿ, ಆಮೇಲೆ ರಿಸೀವರ್, ಕೊನೆಗೆ ಬಾಕ್ಸ್. ಕೇಳೋರು ಎದ್ದು ಕೂತ ಮೇಲೆ ತಾನೇ ಹೇಳೋರು ಬಾಯಿ ತೆರೀಬೇಕು? ಅದಕ್ಕೂ ಬಗ್ಗದಿದ್ದರೆ ಗಿಡ್ಡ ವೈರಿನಲ್ಲಿ ಬಾಕ್ಸನ್ನ ನೇರ ಟೀವಿಗೆ ಹಾಕಿ, ಚಿತ್ರ ಬಂದ ಮೇಲೆ ಒಂದೊಂದೇ ಪೆಟ್ಟಿಗೆ ನಡುವೆ ಸೇರಿಸಿಕೊಂಡು ಹೋಗೋದು. ಯಾವುದನ್ನ ಸೇರಿಸಿದಾಗ ಕತ್ತಲಾಯ್ತೋ ಅದರ ಕಿವಿ ಹಿಂಡಿದರಾಯ್ತು. ಹೊಸದು ತಗೊಂಡರೆ ಇದೆಲ್ಲ ತಪ್ಪತ್ತೆ ಅಂತೀರಾ? 2020ರಲ್ಲಿ ಡೆನಾನ್, ಮರಾಂಟ್ಜ್, ಯಮಾಹಾದ ಹೊಚ್ಚಹೊಸ ರಿಸೀವರುಗಳಿಗೆ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಸೇರಿಸಿ 4ಕೆ 120ರ ವೇಗದಲ್ಲಿ ಓಡಿಸಿದರೆ ಪರದೆ ಕಪ್ಪು. ಒಳಗಿನ ಚಿಪ್ಪಿನ ದೋಷ. ಯಮಾಹಾದವರು ಒಳಗಿನ ಬೋರ್ಡು ಬದಲಾಯಿಸಿಕೊಟ್ಟರು, ಡೆನಾನಿನವರು ನಡುವೆ ಹಾಕಿಕೊಳ್ಳಿ ಅಂತ ಪುಕ್ಕಟೆಯಾಗಿ ಇನ್ನೊಂದು ಪುಟ್ಟ ಪೆಟ್ಟಿಗೆ ಕೊಟ್ಟರು. ಪೆಟ್ಟಿಗೆಯ ತಂಟೆಗೆ ಇನ್ನೊಂದು ಪೆಟ್ಟಿಗೆ, ಹೇಗಿದೆ?

ಅಂದ ಹಾಗೆ ಮೇಷ್ಟ್ರ ಅಳಿಯ ಈಗ ಪ್ರೊಜೆಕ್ಟರ್ ತರ್ತಾರಂತೆ. ಹಾಲಿನ ಆ ಗೋಡೆಯಿಂದ ತಾರಸಿ ದಾಟಿ ಈ ಗೋಡೆಗೆ ಹದಿನೈದು ಮೀಟರ್ ವೈರು. ಅಷ್ಟುದ್ದಕ್ಕೆ ತಾಮ್ರ ಆಗಲ್ಲ, ಆಪ್ಟಿಕಲ್ ಕೇಬಲ್ಲೇ ಆಗಬೇಕು, ತರಿಸಿಯೂ ಆಯ್ತು. ಮಾಮೂಲಿ ವೈರಿಗೆ ಈ ತುದಿ ಆ ತುದಿ ಅಂತ ಭೇದ ಇಲ್ಲ, ಆಪ್ಟಿಕಲ್ಲಿಗೆ ಉಂಟು. ಒಂದು ತುದಿಯಲ್ಲಿ "ಸೋರ್ಸ್", ಇನ್ನೊಂದರಲ್ಲಿ "ಡಿಸ್‌ಪ್ಲೇ" ಅಂತ ಬರೆದಿರತ್ತೆ. ಉಲ್ಟಾ ಎಳೆದು ಗಾರೆ ಮೆತ್ತಿಬಿಟ್ಟರೆ ಗೋಡೆಯನ್ನೇ ಒಡೀಬೇಕು. ಗಾರೆಯವನು ಸೋಮವಾರ ಬರ್ತಾನಂತೆ, ಮೇಷ್ಟ್ರು ಅವನಿಗೆ ತೋರಿಸಲಿಕ್ಕೆ ಆಗಲೇ ಹಾಳೆ ಮೇಲೆ ಬಾಣ ಬರೆದಿಟ್ಟಿದಾರೆ. ಬಾಣ ಯಾವ ಕಡೆಗೆ ಬರೆದಿದಾರೆ ಅಂತ ಭಾನುವಾರ ಒಂದ್ಸಲ ಹೋಗಿ ನೋಡಿ ಬರೋಣ, ನೀವೂ ಬರ್ತೀರಲ್ಲ?